ಕಮಾನಿನ ಎದುರಿನ ಕೋರ್ಟು

— ದೊಡ್ಡಮ್ಮ, ಸೇಂಟ್ ಲೂಯಿಸ್‌ನಲ್ಲಿ ಮಿಸಿಸಿಪ್ಪಿ ದಡದ ಮೇಲೆ 630 ಅಡಿ ಎತ್ತರದ ಉಕ್ಕಿನ ಕಮಾನು ಇದೆಯಲ್ಲ, ಅಮೆರಿಕ ಪಶ್ಚಿಮಕ್ಕೆ ಹರಡಿಕೊಂಡದ್ದರ ನೆನಪಿಗೆ ಕಟ್ಟಿದ್ದು ಅದು. ಅದರ ಎದುರಿಗೆ, ಅದೇ ಉದ್ಯಾನಕ್ಕೆ ಸೇರಿದ ಹಾಗೆ, ಗುಮ್ಮಟದ ಹಳೇ ಕೋರ್ಟು. ಡ್ರೆಡ್ ಸ್ಕಾಟ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ ತಮ್ಮ ಬಿಡುಗಡೆಗೆ ದಾವೆ ಹೂಡಿದ್ದು ಅಲ್ಲಿ. ಊರಿಂದ ಬಂದವರನ್ನೆಲ್ಲ ಕಮಾನಿನ ಮೇಲೆ ಕರೆದುಕೊಂಡು ಹೋಗುತ್ತೇನೆ, ಇಳಿದು ಬಂದು ಕೋರ್ಟಿನ ಮೆಟ್ಟಿಲ ಮೇಲೆ ಫೋಟೋ ತೆಗೆಯುತ್ತೇನೆ. ಇವೆರಡನ್ನೂ ಒಂದೇ ಉದ್ಯಾನದಲ್ಲಿ ಇಟ್ಟದ್ದು ಯಾಕೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ನಾವು ಓದಿದ ಪುಸ್ತಕದಲ್ಲಿ ಪಶ್ಚಿಮದ ವಿಸ್ತರಣೆ ಒಂದು ಅಧ್ಯಾಯ, ಗುಲಾಮಗಿರಿ ಇನ್ನೊಂದು.

— ನಾನೂ ಕಾಲೇಜಿನಲ್ಲಿ ವರ್ಷಗಟ್ಟಲೆ ಹಾಗೇ ಎರಡು ಅಧ್ಯಾಯ ಮಾಡಿ ಪಾಠ ಹೇಳಬೇಕಾಗಿತ್ತು, ಪಠ್ಯಕ್ರಮ ಹಾಗಿತ್ತು. ಆದರೆ ಅದು ಒಂದೇ ಕತೆ. ನೀನು ಫೋಟೋ ತೆಗೆಯುವ ಆ ಮೆಟ್ಟಿಲ ಮೇಲೆ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಯಜಮಾನ ಸತ್ತು ಆಸ್ತಿ ಭಾಗವಾಗುವಾಗ ಮೇಜು, ಕುದುರೆ, ಬಂಡಿಗಳ ಪಟ್ಟಿಯಲ್ಲೇ ಹೆಂಗಸರು ಮಕ್ಕಳೂ ಇರುತ್ತಿದ್ದರು. ಹೊಸ ನೆಲ ಸಿಗದೇ ಹೋಗಿದ್ದರೆ ಗುಲಾಮಗಿರಿ ಅಷ್ಟು ಬೆಳೆಯುತ್ತಿರಲಿಲ್ಲ. ಗುಲಾಮಗಿರಿ ಇಲ್ಲದಿದ್ದರೆ ಆ ದೇಶಕ್ಕೆ ಹೊಸ ನೆಲ ಅಷ್ಟು ದೊಡ್ಡ ಜಗಳವೂ ಆಗುತ್ತಿರಲಿಲ್ಲ.

— ಸಂವಿಧಾನ ಬರೆದವರಿಗೆ ಇದು ಗೊತ್ತಿರಲಿಲ್ಲವೇ?

— ಅವರಲ್ಲಿ ಹಲವರು ಅದು ತಾನಾಗಿ ಸವೆದು ಹೋಗುತ್ತದೆ ಅಂದುಕೊಂಡಿದ್ದರು. ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ ಹೊಗೆಸೊಪ್ಪು ಬೆಳೆದು ಬೆಳೆದು ಭೂಮಿ ಸತ್ವ ಕಳೆದುಕೊಂಡಿತ್ತು. 1787ರಲ್ಲಿ ಓಹಾಯೋ ನದಿಯ ವಾಯವ್ಯದ ಸೀಮೆಯಲ್ಲಿ ಗುಲಾಮಗಿರಿ ಕೂಡದು ಅಂತ ಕಾನೂನು ಮಾಡಿದರು. ಅದೇ ವರ್ಷ ಬರೆದ ಸಂವಿಧಾನದಲ್ಲಿ ಮಾತ್ರ, ಪ್ರತಿನಿಧಿ ಸಭೆಯ ಸ್ಥಾನ ಲೆಕ್ಕ ಹಾಕಲು ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಪಾಲು ಸೇರಿಸಿಕೊಳ್ಳಿ ಎಂದು ಒಪ್ಪಿಕೊಂಡರು. ಮತ ಹಾಕಲಾಗದ, ಮಾತಾಡಲಾಗದ ಮನುಷ್ಯ ತನ್ನ ಯಜಮಾನನ ರಾಜಕೀಯ ತೂಕ ಹೆಚ್ಚಿಸುತ್ತಾನೆ! ಗುಲಾಮರು ಎಷ್ಟು ಹೆಚ್ಚಿದರೆ, ಎಷ್ಟು ಹೊಸ ರಾಜ್ಯಗಳಿಗೆ ಹಬ್ಬಿದರೆ, ದಕ್ಷಿಣಕ್ಕೆ ಅಷ್ಟು ಬಲ. ಹರಡಿಕೊಳ್ಳುವ ಆಸೆಯನ್ನು ಅಲ್ಲೇ ಬರೆದಿಟ್ಟ ಹಾಗಾಯಿತು. ಆಮೇಲೆ 1793ರಲ್ಲಿ ಈಲೈ ವಿಟ್ನಿಯ ಜಿನ್ ಯಂತ್ರ ಬಂತು.

— ಹತ್ತಿ ಬಿಡಿಸುವುದು.

— ಹೌದು. ಒಳನಾಡಿನಲ್ಲಿ ಬೆಳೆಯುವ ಗಿಡ್ಡ ಎಳೆಯ ಹತ್ತಿಯಲ್ಲಿ ಬೀಜ ಅಂಟಿಕೊಂಡಿರುತ್ತದೆ. ಕೈಯಲ್ಲಿ ಬಿಡಿಸಿದರೆ ದಿನವಿಡೀ ಕೂತರೂ ಒಬ್ಬರಿಂದ ಒಂದು ಪೌಂಡು ಅರಳೆ ಬರುವುದು ಕಷ್ಟ. ಜಿನ್ನಿನಲ್ಲಿ ಐವತ್ತು ಪೌಂಡು ಬಂತು. ಅಲ್ಲಿಂದ ಮುಂದೆ ಬೇಕಾದದ್ದು ಎರಡೇ: ಹತ್ತಿ ಬೆಳೆಯುವ ಬಿಸಿಲಿನ ನೆಲ, ಅದನ್ನು ಕೀಳುವ ಕೈಗಳು. ಇಂಗ್ಲೆಂಡಿನ ಲ್ಯಾಂಕಷೈರ್‌ನ ಗಿರಣಿಗಳು ಎಷ್ಟು ಕೊಟ್ಟರೂ ಸಾಲದು ಅನ್ನುತ್ತಿದ್ದವು. ಹತ್ತು ವರ್ಷಕ್ಕೆ, 1803ರಲ್ಲಿ, ಜೆಫರ್ಸನ್ ಲೂಸಿಯಾನವನ್ನು ಫ್ರಾನ್ಸಿನಿಂದ ಒಂದೂವರೆ ಕೋಟಿ ಡಾಲರಿಗೆ ಕೊಂಡ. ದೇಶ ಎರಡರಷ್ಟಾಯಿತು. ನೆಪೋಲಿಯನ್ ಅದನ್ನು ಮಾರಿದ್ದು ಯಾಕೆ ಗೊತ್ತಾ?

— ಯುದ್ಧಕ್ಕೆ ದುಡ್ಡು ಬೇಕಾಗಿತ್ತು ಅಂತ ಓದಿದ ನೆನಪು.

— ಅದೂ ಹೌದು. ಆದರೆ ಅದಕ್ಕೂ ಮುಂಚೆ ಕೆರಿಬಿಯನ್‌ನ ಸೇಂಟ್ ಡೊಮಿಂಗ್ ವಸಾಹತಿನಲ್ಲಿ, ಈಗ ಹೈಟಿ ಅನ್ನುತ್ತೇವಲ್ಲ, ಕಬ್ಬಿನ ತೋಟದ ಗುಲಾಮರು 1791ರಲ್ಲಿ ಎದ್ದು ನಿಂತರು. ಅವರನ್ನು ಮತ್ತೆ ನೊಗಕ್ಕೆ ಕಟ್ಟಲು ನೆಪೋಲಿಯನ್ ಕಳಿಸಿದ ಸೈನ್ಯ ಹಳದಿ ಜ್ವರಕ್ಕೂ ಅವರ ಏಟಿಗೂ ಸಿಕ್ಕಿ ಕರಗಿ ಹೋಯಿತು. ಆ ವಸಾಹತೇ ಕೈತಪ್ಪಿದ ಮೇಲೆ ಲೂಸಿಯಾನ ಇಟ್ಟುಕೊಂಡು ಅವನಿಗೆ ಆಗಬೇಕಾದ್ದು ಏನೂ ಉಳಿಯಲಿಲ್ಲ. ಗುಲಾಮರು ಸರಪಳಿ ಹರಿದದ್ದರಿಂದ ಅಮೆರಿಕಕ್ಕೆ ಸಿಕ್ಕಿದ ನೆಲ ಅದು. ಆ ನೆಲದಲ್ಲೇ ಮುಂದಿನ ಅರವತ್ತು ವರ್ಷ ಹತ್ತಿ, ಕಬ್ಬು ಬೆಳೆದದ್ದು ಸರಪಳಿ ಹಾಕಿಸಿಕೊಂಡವರು. ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತಿತ್ತು.

— ಆದರೆ ಹತ್ತಿ ಹಬ್ಬಿದ ನೆಲ ಖಾಲಿ ಆಗಿರಲಿಲ್ಲ ಅಲ್ವಾ? ಲೂಸಿಯಾನದ ಈಚೆಗೆ ಜಾರ್ಜಿಯಾ, ಅಲಬಾಮಾ, ಮಿಸಿಸಿಪ್ಪಿ ಎಲ್ಲ.

— ಎಲ್ಲಿಯ ಖಾಲಿ! ಕ್ರೀಕ್, ಚೋಕ್ಟಾ, ಚಿಕಸಾ, ಚೆರೊಕೀ, ಸೆಮಿನೋಲ್ ಜನರ ಊರು, ಹೊಲ, ಬೇಟೆಯ ಕಾಡು. 1814ರಲ್ಲಿ ಆಂಡ್ರೂ ಜಾಕ್ಸನ್ ಕ್ರೀಕ್ ಜನರನ್ನು ಸೋಲಿಸಿ ಒಂದೇ ಒಪ್ಪಂದದಲ್ಲಿ ಎರಡು ಕೋಟಿ ಎಕರೆಗೂ ಹೆಚ್ಚು ಬರೆಸಿಕೊಂಡ. ಅವನೇ ಹತ್ತಿ ತೋಟದ ಒಡೆಯ, ಗುಲಾಮರ ಯಜಮಾನ. ಅವನೇ ಅಧ್ಯಕ್ಷನಾಗಿ 1830ರಲ್ಲಿ ಇವರನ್ನೆಲ್ಲ ಮಿಸಿಸಿಪ್ಪಿಯ ಆಚೆಗೆ ಸಾಗಿಸುವ ಕಾನೂನಿಗೆ ಸಹಿ ಹಾಕಿದ. ಚೆರೊಕೀ ಜನ ಆ ಹೊತ್ತಿಗೆ ತಮ್ಮ ಭಾಷೆಗೆ ಲಿಪಿ ಮಾಡಿಕೊಂಡಿದ್ದರು, ಸ್ವಂತ ಸಂವಿಧಾನ ಬರೆದುಕೊಂಡಿದ್ದರು, ಪತ್ರಿಕೆ ನಡೆಸುತ್ತಿದ್ದರು. 1832ರಲ್ಲಿ ದೇಶದ ಸುಪ್ರೀಂ ಕೋರ್ಟಿನಲ್ಲಿ ಜಾರ್ಜಿಯಾ ವಿರುದ್ಧ ತೀರ್ಪು ಬಂದಾಗ ಅದು ಅವರ ಹಕ್ಕನ್ನೇ ಎತ್ತಿ ಹಿಡಿಯಿತು. ಏನೂ ಪ್ರಯೋಜನವಾಗಲಿಲ್ಲ. 1838ರಲ್ಲಿ ಸೈನಿಕರು ಮನೆಯಿಂದ ಎಬ್ಬಿಸಿ ಹೊರಡಿಸಿದರು. ಸುಮಾರು 16,000 ಜನರಲ್ಲಿ 4,000ದಷ್ಟು ಜನ ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತರು ಅನ್ನುವುದು ಸಾಮಾನ್ಯವಾಗಿ ಒಪ್ಪಿಕೊಂಡ ಲೆಕ್ಕ. ಅವರ ಜೊತೆ ಇನ್ನೂ ಕೆಲವರು ನಡೆದರು, ಅವರನ್ನು ಯಾರೂ ನೆನೆಯುವುದಿಲ್ಲ. ಚೆರೊಕೀ ಶ್ರೀಮಂತರು ಬಿಳಿಯರನ್ನು ನೋಡಿ ತಾವೂ ಕರಿಯರನ್ನು ಕೊಂಡು ಇಟ್ಟುಕೊಂಡಿದ್ದರು. 1835ರ ಗಣತಿಯಲ್ಲಿ ಅಂಥವರು ಸುಮಾರು 1,600.

— ತಮ್ಮನ್ನೇ ಒಕ್ಕಲೆಬ್ಬಿಸುವಾಗ ಗುಲಾಮರನ್ನೂ ಕರೆದುಕೊಂಡು ಹೋದರೇ?

— ಹೋದರು. ಈ ಎಳೆಯನ್ನು ಬಿಡಬೇಡ, ಆಮೇಲೆ ಬೇಕಾಗುತ್ತದೆ.

— ಸರಿ, ನೆಲ ಸಿಕ್ಕಿತು. ಕೈಗಳು? 1808ರಿಂದ ಆಫ್ರಿಕಾದಿಂದ ಗುಲಾಮರನ್ನು ತರುವುದಕ್ಕೆ ನಿಷೇಧ ಇತ್ತಲ್ಲ.

— ಹೊರಗಿಂದ ತರುವುದಕ್ಕೆ ನಿಷೇಧ. ಒಳಗೆ ಮಾರುವುದಕ್ಕೆ ಇರಲಿಲ್ಲ. ಸತ್ವ ಹೋದ ವರ್ಜೀನಿಯಾದ ಯಜಮಾನನಿಗೆ ಹೊಗೆಸೊಪ್ಪಿಗಿಂತ ಮನುಷ್ಯರನ್ನು ಮಾರಿದರೆ ಹೆಚ್ಚು ಹಣ ಬರುತ್ತಿತ್ತು. 1790ರಿಂದ 1860ರೊಳಗೆ ಸುಮಾರು ಹತ್ತು ಲಕ್ಷ ಜನರನ್ನು ಹಳೇ ರಾಜ್ಯಗಳಿಂದ ಹತ್ತಿಯ ಸೀಮೆಗೆ ಸಾಗಿಸಿದರು. ಒಂದಷ್ಟು ಜನ ಯಜಮಾನರ ಜೊತೆಗೇ ವಲಸೆ ಹೋದವರು, ಉಳಿದವರು ವ್ಯಾಪಾರಿಗಳ ಕೈಗೆ ಬಿದ್ದವರು. ಗಂಡಸರನ್ನು ಇಬ್ಬಿಬ್ಬರಂತೆ ಬೇಡಿಯಲ್ಲಿ ಜೋಡಿಸಿ, ಹೆಂಗಸರು ಮಕ್ಕಳನ್ನು ಹಿಂದೆ ಬಿಟ್ಟು, ನೂರಾರು ಮೈಲಿ ನಡೆಸುತ್ತಿದ್ದರು. ರಾಜಧಾನಿ ವಾಷಿಂಗ್ಟನ್ನಿನಿಂದ ಹೊಳೆ ದಾಟಿದರೆ ಅಲೆಕ್ಸಾಂಡ್ರಿಯಾ. ಅಲ್ಲಿ ಫ್ರಾಂಕ್ಲಿನ್ ಮತ್ತು ಆರ್ಮ್‌ಫೀಲ್ಡ್ ಅನ್ನುವ ಇಬ್ಬರ ಮಂಡಿ, ಅಲ್ಲಿಂದ ನ್ಯೂ ಆರ್ಲಿಯನ್ಸ್‌ಗೆ ಹಡಗು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ. ಗಂಡ ಒಬ್ಬ ಯಜಮಾನನವನು, ಹೆಂಡತಿ ಇನ್ನೊಬ್ಬನವಳು, ಮಕ್ಕಳು ಅಮ್ಮನ ಯಜಮಾನನ ಸ್ವತ್ತು.

ರಿಚ್ಮಂಡ್‌ನಲ್ಲಿ ಹೆನ್ರಿ ಬ್ರೌನ್ ಅಂತ ಒಬ್ಬ ಇದ್ದ, ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಗುಲಾಮ. ಹೆಂಡತಿ ನ್ಯಾನ್ಸಿಯನ್ನು ಮಾರಬೇಡಿ ಅಂತ ಅವಳ ಯಜಮಾನನಿಗೆ ತನ್ನ ಪುಡಿಗಾಸನ್ನೇ ಕೊಡುತ್ತಿದ್ದ. ದುಡ್ಡು ತೆಗೆದುಕೊಂಡೂ 1848ರಲ್ಲಿ ಅವನು ಗರ್ಭಿಣಿ ನ್ಯಾನ್ಸಿಯನ್ನೂ ಮಕ್ಕಳನ್ನೂ ನಾರ್ತ್ ಕೆರೊಲಿನಾದ ಕಡೆಗೆ ಮಾರಿಬಿಟ್ಟ. ಮೆರವಣಿಗೆಯ ಹಾಗೆ ಹೊರಟ ಆ ಸಾಲಿನಲ್ಲಿ ಹೆಂಡತಿಯ ಕೈ ಹಿಡಿದುಕೊಂಡು ಬ್ರೌನ್ ಕೆಲವು ಮೈಲಿ ನಡೆದ. ಮರುವರ್ಷ ಮೂರು ಅಡಿ ಉದ್ದದ ಮರದ ಪೆಟ್ಟಿಗೆಯೊಳಗೆ ಕೂತು, ಮೊಳೆ ಹೊಡೆಸಿಕೊಂಡು, ಸರಕಿನ ಹಾಗೆ ಫಿಲಡೆಲ್ಫಿಯಾಕ್ಕೆ ತನ್ನನ್ನು ತಾನೇ ಕಳಿಸಿಕೊಂಡ. ಇಪ್ಪತ್ತೇಳು ಗಂಟೆ. ಭೂಪಟದ ಮೇಲೆ ಹತ್ತಿ ಸೀಮೆ ಪಶ್ಚಿಮಕ್ಕೆ ಒಂದು ಬೆರಳು ಸರಿದಾಗ, ವರ್ಜೀನಿಯಾದ ಎಷ್ಟೋ ಗುಡಿಸಲುಗಳಲ್ಲಿ ಮಗು ಅಮ್ಮನಿಲ್ಲದೆ ಏಳುತ್ತಿತ್ತು. ವಿಸ್ತರಣೆಯ ಚರಿತ್ರೆ ಅಂದರೆ ನನ್ನ ಪಾಲಿಗೆ ಮೊದಲು ಅದು.

— ಇದೆಲ್ಲ ದಕ್ಷಿಣದ ಮಾತಾಯಿತು. ಉತ್ತರದವರು ತಮ್ಮ ಕಡೆ ಗುಲಾಮಗಿರಿ ತೆಗೆದಿದ್ದರು. ಅವರಿಗೆ ಇದು ತಪ್ಪು ಅಂತ ಕಂಡಿತು, ಅದಕ್ಕೇ ಜಗಳ. ಅಷ್ಟೇ ಸರಳವಾಗಿ ನೋಡಬಾರದೇ?

— ಆ ಹತ್ತಿಯನ್ನು ನೂತದ್ದು ಮ್ಯಾಸಚೂಸೆಟ್ಸಿನ ಲೊವೆಲ್ ಗಿರಣಿಗಳು. ತೋಟದವರಿಗೆ ಸಾಲ ಕೊಟ್ಟದ್ದು, ಹಡಗು ಕಳಿಸಿದ್ದು, ಗುಲಾಮರ ಜೀವಕ್ಕೆ ಯಜಮಾನರ ಹೆಸರಲ್ಲಿ ವಿಮೆ ಮಾಡಿದ್ದು ಉತ್ತರದ ಕಂಪನಿಗಳೇ. ದಕ್ಷಿಣ ಇದ್ದಲ್ಲೇ ಇದ್ದಿದ್ದರೆ ಉತ್ತರದ ಬಹುಪಾಲು ಜನ ಸುಮ್ಮನಿರುತ್ತಿದ್ದರು ಅಂತಲೇ ನನ್ನ ಅಭಿಪ್ರಾಯ. ಅವರನ್ನು ಏಳಿಸಿದ್ದು ಹೊಸ ನೆಲ. 1820ರಲ್ಲಿ ಮಿಸೌರಿ, ನೀನಿರುವ ರಾಜ್ಯ, ಗುಲಾಮಗಿರಿಯ ಸಮೇತ ಒಕ್ಕೂಟಕ್ಕೆ ಸೇರುತ್ತೇನೆ ಅಂದಾಗ ಮೊದಲ ಸಲ ದೇಶ ನಡುಗಿತು. ಸೆನೆಟ್ಟಿನಲ್ಲಿ ಎರಡು ಕಡೆಯೂ ಸಮ ಇರಲಿ ಅಂತ ಮೇನ್ ರಾಜ್ಯವನ್ನು ಬೇರೆ ಮಾಡಿ ತೂಗಿಸಿದರು. ಮಿಕ್ಕ ಲೂಸಿಯಾನ ಸೀಮೆಯಲ್ಲಿ 36 ಡಿಗ್ರಿ 30 ನಿಮಿಷದ ಅಕ್ಷಾಂಶಕ್ಕೆ ಗೆರೆ ಎಳೆದು, ಮೇಲೆ ಗುಲಾಮಗಿರಿ ಇಲ್ಲ, ಕೆಳಗೆ ಇರಬಹುದು ಅಂದರು. ಒಂದು ತಲೆಮಾರು ಅದೇ ಗೆರೆಯ ಮೇಲೆ ನಿಂತಿತು.

— ಆಮೇಲೆ ಟೆಕ್ಸಾಸ್.

— ಟೆಕ್ಸಾಸ್ ಮೆಕ್ಸಿಕೋದ ನೆಲ. ಮೆಕ್ಸಿಕೋ 1829ರಲ್ಲೇ ಗುಲಾಮಗಿರಿ ರದ್ದು ಮಾಡಿತ್ತು. ಅಲ್ಲಿ ಹೋಗಿ ನೆಲೆಸಿದ ಅಮೆರಿಕನ್ನರು ಗುಲಾಮರನ್ನು ಬಿಡಲು ತಯಾರಿರಲಿಲ್ಲ. ದಂಗೆಯೆದ್ದು 1836ರಲ್ಲಿ ಬೇರೆಯಾದರು, 1845ರಲ್ಲಿ ಅಮೆರಿಕಕ್ಕೆ ಸೇರಿದರು. ಮರುವರ್ಷ ಮೆಕ್ಸಿಕೋ ಮೇಲೆ ಯುದ್ಧ. 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಸಮೇತ ಮೆಕ್ಸಿಕೋದ ಅರ್ಧದಷ್ಟು ನೆಲ ಬಂತು. ಯುದ್ಧ ಮುಗಿಯುವ ಮುಂಚೆಯೇ ಪೆನ್ಸಿಲ್ವೇನಿಯಾದ ಡೇವಿಡ್ ವಿಲ್ಮಟ್, ಗೆಲ್ಲುವ ನೆಲದಲ್ಲಿ ಗುಲಾಮಗಿರಿ ಬೇಡ ಅನ್ನುವ ತಿದ್ದುಪಡಿ ತಂದ. ಅವನೇ ಮುಚ್ಚುಮರೆಯಿಲ್ಲದೆ ಹೇಳಿದ, ತನ್ನ ಕಾಳಜಿ ಬಿಳಿ ಕೂಲಿಕಾರನ ಪರ ಅಂತ. ಗುಲಾಮರು ಬಂದರೆ ಬಿಳಿಯ ರೈತನ ದುಡಿಮೆಗೆ ಮರ್ಯಾದೆ ಉಳಿಯುವುದಿಲ್ಲ ಅನ್ನುವುದು ಅವನ ವಾದ. 1853ರಲ್ಲಿ ಇಲಿನಾಯ್ ರಾಜ್ಯ ಕರಿಯರು ಬಂದು ನೆಲೆಸುವುದನ್ನೇ ನಿಷೇಧಿಸಿತು. ಆರೆಗಾನ್ ತನ್ನ ಸಂವಿಧಾನದಲ್ಲೇ ಗುಲಾಮಗಿರಿಯನ್ನೂ ಕರಿಯರನ್ನೂ ಎರಡನ್ನೂ ಹೊರಗಿಟ್ಟಿತು.

— ಇದು ನನಗೆ ಒಪ್ಪಿಗೆಯಾಗುತ್ತಿಲ್ಲ ದೊಡ್ಡಮ್ಮ. ಎಲ್ಲವೂ ನೆಲದ ಲೆಕ್ಕ ಅಂದರೆ, ಪ್ರಾಣ ಕೊಟ್ಟು ಹೋರಾಡಿದವರಿಗೆ ಅನ್ಯಾಯ ಮಾಡಿದ ಹಾಗೆ. ಗ್ಯಾರಿಸನ್ ಗುಲಾಮಗಿರಿಯ ವಿರುದ್ಧ ಪತ್ರಿಕೆ ನಡೆಸಿದ, ಡಗ್ಲಾಸ್ ಊರೂರು ತಿರುಗಿ ಭಾಷಣ ಮಾಡಿದ.

— ಅನ್ಯಾಯ ಮಾಡುವುದಿಲ್ಲ. ಆದರೆ ನೆಲದ ಲೆಕ್ಕವನ್ನು ನ್ಯಾಯದ ಪ್ರಶ್ನೆ ಮಾಡಿದವರಲ್ಲಿ ನಾನು ಮೊದಲು ಹೇಳುವುದು ಓಡಿಹೋದವರ ಹೆಸರು. ಫ್ರೆಡರಿಕ್ ಡಗ್ಲಾಸ್ ತಾನೇ 1838ರಲ್ಲಿ ಮೇರಿಲ್ಯಾಂಡ್‌ನಿಂದ ಓಡಿಬಂದವನು. ಹ್ಯಾರಿಯೆಟ್ ಟಬ್ಮನ್ 1849ರಲ್ಲಿ ಓಡಿ, ಸುಮ್ಮನೆ ಕೂರದೆ ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಎಪ್ಪತ್ತರಷ್ಟು ಜನರನ್ನು ಕರೆತಂದವಳು. ಇಂಥವರಿಂದಲೇ ದಕ್ಷಿಣಕ್ಕೆ ಸಿಟ್ಟು. 1850ರ ರಾಜಿಯಲ್ಲಿ ಕ್ಯಾಲಿಫೋರ್ನಿಯಾ ಗುಲಾಮಗಿರಿ ಇಲ್ಲದ ರಾಜ್ಯವಾಗಿ ಸೇರಿತು, ಅದಕ್ಕೆ ಬದಲಾಗಿ ದಕ್ಷಿಣದವರು ಪಡೆದದ್ದು ಓಡಿಹೋದವರನ್ನು ಹಿಡಿದುಕೊಡುವ ಕಾನೂನು. ಹಿಡಿದ ಮನುಷ್ಯನಿಗೆ ಜ್ಯೂರಿ ಇಲ್ಲ, ತನ್ನ ಪರ ಸಾಕ್ಷಿ ಹೇಳುವ ಹಕ್ಕಿಲ್ಲ. ತೀರ್ಮಾನ ಮಾಡುವ ಕಮಿಷನರ್ ಅವನನ್ನು ಬಿಟ್ಟರೆ ಐದು ಡಾಲರ್ ಫೀಸು, ವಾಪಸು ಕಳಿಸಿದರೆ ಹತ್ತು ಡಾಲರ್. ದಾರಿಯಲ್ಲಿ ಹೋಗುವವನೂ ಹಿಡಿಯಲು ಕೈ ಜೋಡಿಸಬೇಕು.

ಇದುವರೆಗೆ ಉತ್ತರದವನಿಗೆ ಗುಲಾಮಗಿರಿ ದೂರದಲ್ಲೆಲ್ಲೋ ನಡೆಯುವ ಕೆಲಸ. ಈಗ ಅವನ ಬೀದಿಗೇ ಬಂತು. 1854ರಲ್ಲಿ ಬೋಸ್ಟನ್ನಿನಲ್ಲಿ ಆಂಥನಿ ಬರ್ನ್ಸ್ ಅನ್ನುವ ತರುಣನನ್ನು ಹಿಡಿದರು. ಜನ ಕೋರ್ಟಿಗೆ ನುಗ್ಗಿದರು, ಒಬ್ಬ ಕಾವಲಿನವನು ಸತ್ತ. ಕೊನೆಗೆ ಸೈನಿಕರ ಸಾಲುಗಳ ನಡುವೆ ಬರ್ನ್ಸ್‌ನನ್ನು ಹಡಗಿಗೆ ನಡೆಸಿಕೊಂಡು ಹೋದಾಗ ರಸ್ತೆಯ ಎರಡೂ ಬದಿ ಹತ್ತಾರು ಸಾವಿರ ಜನ, ಅಂಗಡಿಗಳಿಗೆ ಕಪ್ಪು ಬಟ್ಟೆ. ಹತ್ತಿ ವ್ಯಾಪಾರದಲ್ಲೇ ಬೆಳೆದ ಮನೆತನದ ಆಮೋಸ್ ಲಾರೆನ್ಸ್, ಅದುವರೆಗೆ ತಣ್ಣಗಿದ್ದ ಮನುಷ್ಯ, ಆ ಘಟನೆಯಿಂದ ರಾತ್ರೋರಾತ್ರಿ ಗುಲಾಮಗಿರಿಯ ಕಡುವೈರಿಯಾದೆ ಅಂತ ಬರೆದ. ಅವನ ದುಡ್ಡಿನಲ್ಲೇ ಗುಲಾಮಗಿರಿ ವಿರೋಧಿ ಕುಟುಂಬಗಳು ಕ್ಯಾನ್ಸಸ್‌ಗೆ ಹೊರಟವು. ಕ್ಯಾನ್ಸಸ್‌ನಲ್ಲಿ ಅವನ ಹೆಸರಿನ ಊರೇ ಇದೆ.

— ಲಾರೆನ್ಸ್. ಅಲ್ಲಿ ನನ್ನ ಸ್ನೇಹಿತನೊಬ್ಬ ಓದಿದ. ಈ ಹಿನ್ನೆಲೆ ಗೊತ್ತಿರಲಿಲ್ಲ. ಅಂದರೆ ಒಬ್ಬ ಓಡಿಬಂದ ತರುಣನಿಂದ ಗಿರಣಿಯ ದುಡ್ಡು ಪಕ್ಷ ಬದಲಿಸಿತು.

— ಎಲ್ಲ ದುಡ್ಡೂ ಬದಲಿಸಲಿಲ್ಲ. ಕೆಲವರದು ಬದಲಿಸಿತು. ಅಷ್ಟು ಹೊತ್ತಿಗೆ ಚರ್ಚುಗಳು ಒಡೆದುಹೋಗಿದ್ದವು: ಮೆಥಡಿಸ್ಟರು 1844ರಲ್ಲಿ, ಬಿಷಪ್ ಒಬ್ಬನ ಮನೆಯಲ್ಲಿ ಗುಲಾಮರಿದ್ದಾರೆ ಅನ್ನುವ ಮಾತಿನ ಮೇಲೆ, ಬ್ಯಾಪ್ಟಿಸ್ಟರು ಮರುವರ್ಷ. ಒಂದೇ ಬೈಬಲ್ ಹಿಡಿದು ಭಾನುವಾರ ಎರಡು ಕಡೆ ಎರಡು ಉಪದೇಶ. ರಾಜಕೀಯ ಪಕ್ಷಗಳು ಒಡೆಯುವ ಮುಂಚೆ ಪ್ರಾರ್ಥನೆಯ ಮನೆ ಒಡೆಯಿತು. ಆ ಒಡಕನ್ನು ನಾನು ತುಂಬಾ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮದುವೆ, ಸಾವು, ನಾಮಕರಣಕ್ಕೆ ಸೇರುತ್ತಿದ್ದ ಜನ ಮಾತು ಬಿಟ್ಟ ಮೇಲೆ ಸಂಸತ್ತಿನಲ್ಲಿ ಕೂತವರು ಏನು ಜೋಡಿಸಿಯಾರು?

— ಕ್ಯಾನ್ಸಸ್‌ನಲ್ಲಿ ಗೆರೆಯನ್ನೇ ಅಳಿಸಿದರಲ್ಲ.

— 1854ರಲ್ಲಿ, ಇಲಿನಾಯ್‌ನ ಸೆನೆಟರ್ ಸ್ಟೀಫನ್ ಡಗ್ಲಾಸ್. ರೈಲು ದಾರಿಗೆ ಪಶ್ಚಿಮದ ಸೀಮೆಯಲ್ಲಿ ಆಡಳಿತ ಬೇಕಿತ್ತು. ದಕ್ಷಿಣದ ಮತ ಸಿಗಲೆಂದು 1820ರ ಗೆರೆ ತೆಗೆದು, ಅಲ್ಲಿ ನೆಲೆಸಿದವರೇ ಮತ ಹಾಕಿ ತೀರ್ಮಾನಿಸಲಿ ಅಂದ. ಎರಡೂ ಕಡೆಯವರು ಬಂದೂಕು ಹಿಡಿದು ಅಲ್ಲಿಗೆ ಓಡಿದರು. 1856ರ ಮೇ ತಿಂಗಳ ಒಂದೇ ವಾರದಲ್ಲಿ ಲಾರೆನ್ಸ್ ಊರಿನ ಲೂಟಿಯಾಯಿತು, ಸೆನೆಟ್ಟಿನಲ್ಲೇ ಗುಲಾಮಗಿರಿ ವಿರೋಧಿ ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ದಕ್ಷಿಣದ ಸಂಸದನೊಬ್ಬ ಬೆತ್ತದಲ್ಲಿ ಪ್ರಜ್ಞೆ ತಪ್ಪುವವರೆಗೆ ಹೊಡೆದ, ಗುಲಾಮಗಿರಿಯ ಕಡುವಿರೋಧಿ ಜಾನ್ ಬ್ರೌನ್‌ನ ಕಡೆಯವರು ಪೊಟ್ಟವಾಟಮಿಯಲ್ಲಿ ಎದುರು ಪಕ್ಷದ ಐವರನ್ನು ರಾತ್ರಿ ಎಬ್ಬಿಸಿ ಕೊಂದರು. ಇನ್ನು ನಿನ್ನ ಹಳೇ ಕೋರ್ಟಿಗೆ ಬಾ.

ಡ್ರೆಡ್ ಸ್ಕಾಟ್ ಸೈನ್ಯದ ವೈದ್ಯನೊಬ್ಬನ ಗುಲಾಮ. ಯಜಮಾನನಿಗೆ ವರ್ಗವಾದ ಹಾಗೆಲ್ಲ ಜೊತೆಗೆ ಹೋಗಿ, ಇಲಿನಾಯ್‌ನಲ್ಲೂ, ಈಗಿನ ಮಿನೆಸೊಟಾದ ಫೋರ್ಟ್ ಸ್ನೆಲಿಂಗ್‌ನಲ್ಲೂ ವರ್ಷಗಟ್ಟಲೆ ಇದ್ದ. ಎರಡೂ ಗುಲಾಮಗಿರಿ ಇಲ್ಲದ ಸೀಮೆ. ಹ್ಯಾರಿಯೆಟ್‌ಳನ್ನು ಮದುವೆಯಾದದ್ದು ಅಲ್ಲೇ. ಮೊದಲ ಮಗಳು ಎಲೈಜಾ ಹುಟ್ಟಿದ್ದು ಮಿಸಿಸಿಪ್ಪಿಯ ಮೇಲೆ, ಹಡಗಿನಲ್ಲಿ, ಮಿಸೌರಿಯ ಗಡಿಗೆ ಉತ್ತರದಲ್ಲಿ. ಒಮ್ಮೆ ಸ್ವತಂತ್ರ ನೆಲದಲ್ಲಿ ನೆಲೆಸಿದವನು ಮುಂದೆಯೂ ಸ್ವತಂತ್ರ ಅಂತ ಮಿಸೌರಿಯ ಕೋರ್ಟುಗಳೇ ಹಿಂದೆ ಎಷ್ಟೋ ಸಲ ಹೇಳಿದ್ದವು. ಆ ಧೈರ್ಯದಲ್ಲಿ ಗಂಡ ಹೆಂಡತಿ ಇಬ್ಬರೂ 1846ರಲ್ಲಿ ದಾವೆ ಹೂಡಿದರು. 1850ರಲ್ಲಿ ಸೇಂಟ್ ಲೂಯಿಸ್‌ನ ಜ್ಯೂರಿ, ಎಲ್ಲರೂ ಬಿಳಿ ಗಂಡಸರು, ನೀವು ಸ್ವತಂತ್ರರು ಅಂದಿತು.

— ಅಲ್ಲಿಗೆ ಮುಗಿಯಬೇಕಿತ್ತು.

— ಅಷ್ಟರಲ್ಲಿ ದೇಶದ ಗಾಳಿ ಬದಲಾಗಿತ್ತು. 1852ರಲ್ಲಿ ರಾಜ್ಯದ ಮೇಲಿನ ಕೋರ್ಟು ತನ್ನ ಹಳೇ ತೀರ್ಪುಗಳನ್ನೇ ಬದಿಗಿಟ್ಟು ಅವರನ್ನು ಮತ್ತೆ ಗುಲಾಮರನ್ನಾಗಿ ಮಾಡಿತು. 1857ರ ಮಾರ್ಚ್‌ನಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಲ್ಲಿ ಮುಖ್ಯ ನ್ಯಾಯಾಧೀಶ ರಾಜರ್ ಟಾನಿ ಎರಡು ಮಾತು ಹೇಳಿದ. ಆಫ್ರಿಕಾ ಮೂಲದವರು, ಸ್ವತಂತ್ರರಾಗಿದ್ದರೂ, ಈ ದೇಶದ ಪೌರರಲ್ಲ. ಯಾವ ಹೊಸ ಸೀಮೆಯಲ್ಲೂ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲ. ಎಪ್ಪತ್ತು ವರ್ಷದಿಂದ ಗೆರೆ ಎಳೆದೂ ಎಳೆದೂ ಮುಂದೂಡಿದ ಪ್ರಶ್ನೆಗೆ ಒಂದೇ ಏಟಿಗೆ ಉತ್ತರ: ಇಡೀ ಪಶ್ಚಿಮ ಗುಲಾಮಗಿರಿಗೆ ತೆರೆದ ಬಾಗಿಲು. ಅಲ್ಲಿಂದ ಉತ್ತರ ದಕ್ಷಿಣಗಳ ಅಂತರ್ಯುದ್ಧಕ್ಕೆ ನಾಲ್ಕೇ ವರ್ಷ.

— ಅವರಿಬ್ಬರ ಗತಿ?

— ತೀರ್ಪಾದ ಎರಡು ತಿಂಗಳಿಗೆ, ಡ್ರೆಡ್‌ನ ಮೊದಲ ಯಜಮಾನನ ಮಗನೊಬ್ಬ ಅವರನ್ನು ತನ್ನ ಹೆಸರಿಗೆ ಮಾಡಿಕೊಂಡು ಬಿಡುಗಡೆ ಮಾಡಿದ. ಡ್ರೆಡ್ ನಿಮ್ಮ ಊರಿನ ಹೋಟೆಲೊಂದರಲ್ಲಿ ಹಮಾಲಿಯಾಗಿ ದುಡಿದು 1858ರಲ್ಲಿ ಕ್ಷಯದಿಂದ ಸತ್ತ. ಹ್ಯಾರಿಯೆಟ್ 1876ರವರೆಗೆ ಬದುಕಿದ್ದಳು. ದಾವೆ ಹಾಕಿಸಿದ್ದೇ ಅವಳ ಹಟ ಅಂತ ಕೆಲವು ಇತಿಹಾಸಕಾರರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸುತ್ತದೆ. ಮಗಳು ಕಣ್ಣೆದುರಿಗೆ ಹರಾಜಿಗೆ ಹೋಗುವ ವಯಸ್ಸಿಗೆ ಬರುತ್ತಿದ್ದಾಗ ತಾಯಿ ಸುಮ್ಮನೆ ಕೂರುವುದಿಲ್ಲ.

— ನನಗೆ ಅರ್ಥವಾಗದ್ದು ಲಿಂಕನ್ ವಿಷಯ. ಇರುವ ಕಡೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ಸೀಮೆಗೆ ಬಿಡುವುದಿಲ್ಲ, ಅಷ್ಟೇ ಅಂದವನು ಅವನು. ಅಂಥವನು ಅಧ್ಯಕ್ಷನಾಗಿ ಗೆದ್ದ ಅಷ್ಟಕ್ಕೇ ದಕ್ಷಿಣದವರು ಒಕ್ಕೂಟ ಬಿಟ್ಟು ಹೋದರೇ?

— ಅವರ ಲೆಕ್ಕ ನೋಡು. 1790ರಲ್ಲಿ ಏಳು ಲಕ್ಷವಿದ್ದ ಗುಲಾಮರು 1860ಕ್ಕೆ ಹತ್ತಿರ ಹತ್ತಿರ 40 ಲಕ್ಷ. ಮಾರುಕಟ್ಟೆ ಬೆಲೆಯಲ್ಲಿ 300 ಕೋಟಿ ಡಾಲರಿಗೂ ಮೇಲೆ. ಆ ದೇಶದ ರೈಲು, ಕಾರ್ಖಾನೆ ಎಲ್ಲಕ್ಕೆ ಹಾಕಿದ ಬಂಡವಾಳಕ್ಕಿಂತ ಹೆಚ್ಚು. ಅಷ್ಟು ಬೆಲೆ ಉಳಿಯಬೇಕಾದರೆ ಕೊಳ್ಳುವವನಿರಬೇಕು, ಕೊಳ್ಳುವವನಿಗೆ ಹೊಸ ಹೊಲ ಇರಬೇಕು. ಇನ್ನೊಂದು, ಭಯ. ದಕ್ಷಿಣ ಕೆರೊಲಿನಾ, ಮಿಸಿಸಿಪ್ಪಿಗಳಲ್ಲಿ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಗುಲಾಮರೇ. ಹೊರಗೆ ಹರಿಯಲು ದಾರಿಯಿಲ್ಲದೆ ಅವರ ಸಂಖ್ಯೆ ಬೆಳೆದರೆ ಹೈಟಿಯೇ ಇಲ್ಲಿಗೂ ಬರುತ್ತದೆ ಅಂತ ಯಜಮಾನರು ನಿದ್ದೆಗೆಟ್ಟಿದ್ದರು. ಗುಲಾಮರಿಲ್ಲದ ಬಡ ಬಿಳಿಯರಿಗೂ ಒಂದು ಆಸೆ ತೋರಿಸಿದ್ದರು: ಇವತ್ತು ನಿನ್ನ ಹತ್ತಿರ ಇಲ್ಲ, ನಾಳೆ ಟೆಕ್ಸಾಸ್‌ಗೆ ಹೋಗಿ ನೀನೂ ಯಜಮಾನನಾಗು. ಬಾಗಿಲು ಮುಚ್ಚಿದರೆ ಆ ಆಸೆಯೂ ಹೋಯಿತು. ರಾಜ್ಯಗಳ ಹಕ್ಕಿಗಾಗಿ ಹೋರಾಡಿದೆವು ಅಂತ ಆಮೇಲೆ ಹೇಳಿದರು. ಒಕ್ಕೂಟ ಬಿಡುವಾಗ ಮಿಸಿಸಿಪ್ಪಿ ಬರೆದ ಘೋಷಣೆಯನ್ನು ತೆಗೆದು ಓದು, ಕಾರಣ ಗುಲಾಮಗಿರಿ ಅಂತ ಶುರುವಿನಲ್ಲೇ ಹೇಳಿದ್ದಾರೆ.

— ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು.

— ಏಳೂವರೆ ಲಕ್ಷದವರೆಗೂ ಅಂದಾಜಿದೆ. ಅದರ ಅಲೆ ನಮ್ಮ ಧಾರವಾಡಕ್ಕೂ ಬಡಿಯಿತು. ಅದಕ್ಕೂ ಇಪ್ಪತ್ತು ವರ್ಷ ಮುಂಚೆಯೇ ಕಂಪನಿ ಸರ್ಕಾರ ಅಮೆರಿಕದ ಹತ್ತಿ ತೋಟದವರನ್ನು ಕರೆಸಿ, ನ್ಯೂ ಆರ್ಲಿಯನ್ಸ್ ಬೀಜವನ್ನು ಈ ಕರಿ ನೆಲದಲ್ಲಿ ಬಿತ್ತಿಸಿತ್ತು. ಧಾರವಾಡ ಅಮೆರಿಕನ್ ಅಂತಲೇ ಆ ಹತ್ತಿಗೆ ಮಾರುಕಟ್ಟೆಯಲ್ಲಿ ಹೆಸರು. 1861ರಲ್ಲಿ ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದಾಗ ಲ್ಯಾಂಕಷೈರ್ ಗಿರಣಿಗಳು ನಿಂತವು, ನಮ್ಮ ಹತ್ತಿಗೆ ಕಂಡರಿಯದ ಬೆಲೆ ಬಂತು. ಈ ಹತ್ತಿಯನ್ನು ಸಾಗಿಸಲು ಕಾರವಾರ ಬಂದರನ್ನು ಬೆಳೆಸಬೇಕು ಅನ್ನುವ ಒತ್ತಡದ ನಡುವೆಯೇ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಅಲ್ಲಿ ಯುದ್ಧ ಮುಗಿಯಿತು, ಇಲ್ಲಿ ಬೆಲೆ ಬಿದ್ದಿತು. ಅಲಬಾಮಾದ ಗುಲಾಮನನ್ನೂ ಧಾರವಾಡದ ರೈತನನ್ನೂ ಮ್ಯಾಂಚೆಸ್ಟರ್ ಒಂದೇ ತಕ್ಕಡಿಯಲ್ಲಿ ನೋಡುತ್ತಿತ್ತು. ಆದರೆ ಇಬ್ಬರ ಕಷ್ಟ ಒಂದೇ ಅಂತ ನಾನು ಹೇಳುವುದಿಲ್ಲ. ನಮ್ಮ ರೈತನ ಮಗುವನ್ನು ಯಾರೂ ಹರಾಜು ಹಾಕಲಿಲ್ಲ.

— ಉತ್ತರ ಗೆದ್ದ ಮೇಲೆ ಏನು ಬದಲಾಯಿತು?

— ಬಹಳ. ಎಲ್ಲವೂ ಒಂದೇ ದಿಕ್ಕಿಗಲ್ಲ. ದಕ್ಷಿಣದ ಸಂಸದರು ಎದ್ದುಹೋದ ಮೇಲೆ, ಅವರು ತಡೆದಿದ್ದ ಕಾನೂನುಗಳೆಲ್ಲ 1862ರಲ್ಲಿ ಪಾಸಾದವು: ನೆಲೆಸಿದವನಿಗೆ 160 ಎಕರೆ, ಪೆಸಿಫಿಕ್‌ವರೆಗೆ ರೈಲು, ಕೃಷಿ ಕಾಲೇಜುಗಳಿಗೆ ಭೂಮಿ. ಆ ಭೂಮಿ ಯಾರದ್ದು ಅಂತ ಕೇಳಿಕೋ. ಅದೇ ವರ್ಷದ ಡಿಸೆಂಬರ್ 26ರಂದು ಮಿನೆಸೊಟಾದ ಮ್ಯಾಂಕೇಟೊದಲ್ಲಿ ಬಂಡೆದ್ದ ಡಕೋಟಾ ಬುಡಕಟ್ಟಿನ 38 ಗಂಡಸರನ್ನು ಒಟ್ಟಿಗೆ ನೇಣಿಗೆ ಹಾಕಿದರು, ಲಿಂಕನ್‌ನ ಒಪ್ಪಿಗೆಯ ಮೇಲೆ. ಇನ್ನೂರಕ್ಕೂ ಹೆಚ್ಚು ಜನರ ಶಿಕ್ಷೆಯನ್ನು ಅವನೇ ತಪ್ಪಿಸಿದ, ಅದೂ ನಿಜ. ಅದಾದ ಆರನೇ ದಿನ, ಜನವರಿ 1ರಂದು, ಬಂಡಾಯದ ರಾಜ್ಯಗಳ ಗುಲಾಮರು ಸ್ವತಂತ್ರರು ಅನ್ನುವ ಘೋಷಣೆಗೆ ಸಹಿ ಹಾಕಿದ. ಒಂದೇ ಕೈ, ಒಂದೇ ವಾರ. ನನಗೆ ಇದನ್ನು ಸಮಾಧಾನವಾಗಿ ಓದಲು ಇವತ್ತಿಗೂ ಆಗುವುದಿಲ್ಲ.

— ಗುಲಾಮರಾಗಿದ್ದವರು?

— ಸುಮಾರು 1,80,000 ಕರಿಯರು ಉತ್ತರದ ಸೈನ್ಯ ಸೇರಿ ಯುದ್ಧ ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಎಷ್ಟೋ ಜನ ಮಾಡಿದ ಮೊದಲ ಕೆಲಸ ಮನೆಯವರನ್ನು ಹುಡುಕುವುದು. ಕರಿಯರ ಚರ್ಚಿನ ಪತ್ರಿಕೆಗಳಲ್ಲಿ ಜಾಹೀರಾತು ಹಾಕಿಸುತ್ತಿದ್ದರು: ಅಮ್ಮನ ಹೆಸರು ಇಂಥದ್ದು, ಇಂಥ ಯಜಮಾನ ಇಂಥ ವ್ಯಾಪಾರಿಗೆ ಮಾರಿದ, ಕೊನೆಗೆ ಕಂಡದ್ದು ಇಂಥ ಊರಲ್ಲಿ, ಗೊತ್ತಿದ್ದವರು ತಿಳಿಸಿ. ಪಾದ್ರಿಗಳು ಅವನ್ನು ಭಾನುವಾರ ಓದಿ ಹೇಳುತ್ತಿದ್ದರು. 1900 ದಾಟಿದ ಮೇಲೂ ಅಂಥವು ಬರುತ್ತಿದ್ದವು. ಐವತ್ತು ವರ್ಷದ ಹಿಂದೆ ವರ್ಜೀನಿಯಾದಲ್ಲಿ ಬಿಟ್ಟುಬಂದ ತಮ್ಮನನ್ನು ಟೆಕ್ಸಾಸ್‌ನ ಮುದುಕಿ ಹುಡುಕುತ್ತಿದ್ದಾಳೆ. ಸಿಕ್ಕಿದವರು ತೀರಾ ಕಡಿಮೆ. ಅತ್ತ ಹಳೇ ಯಜಮಾನರು 1865ರಲ್ಲೇ ಕರಿಯರಿಗೆಂದೇ ಬೇರೆ ಕಾನೂನು ತಂದರು: ಕೆಲಸದ ಕರಾರು ಇಲ್ಲದವನು ಅಲೆಮಾರಿ, ಅವನನ್ನು ಹಿಡಿದು ದುಡಿಸಬಹುದು. ಅದನ್ನು ಮುರಿಯಲೆಂದೇ 1868ರಲ್ಲಿ ಹದಿನಾಲ್ಕನೇ ತಿದ್ದುಪಡಿ ಬಂತು. ನಿನ್ನ ಮಗಳಿಗೆ ಅಮೆರಿಕದ ಪಾಸ್‌ಪೋರ್ಟು ಇದೆ ಅಲ್ವಾ?

— ಇದೆ. ನನಗೇ ಇನ್ನೂ ಗ್ರೀನ್ ಕಾರ್ಡ್ ಬಂದಿಲ್ಲ, ಅವಳು ಹುಟ್ಟುತ್ತಲೇ ಪೌರಳು.

— ಅಲ್ಲಿ ಹುಟ್ಟಿದವರು ಅಲ್ಲಿನ ಪೌರರು ಅನ್ನುವ ಮಾತು ಸಂವಿಧಾನಕ್ಕೆ ಸೇರಿದ್ದು ಆ ತಿದ್ದುಪಡಿಯಿಂದ. ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಲು ಬರೆದ ವಾಕ್ಯ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಚೀನೀ ಮನೆತನದ ವಾಂಗ್ ಕಿಮ್ ಆರ್ಕ್ 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ವಾಕ್ಯದ ಬಲದಿಂದಲೇ ಗೆದ್ದ. ಎಷ್ಟು ಕನ್ನಡದ ಮಕ್ಕಳು ಆ ವಾಕ್ಯದ ಮೇಲೆ ನಿಂತಿದ್ದಾರೆ ಯೋಚನೆ ಮಾಡು. ಇನ್ನು ಮೇಲೆ ಕೋರ್ಟಿನ ಮೆಟ್ಟಿಲಿಗೆ ಕರೆದುಕೊಂಡು ಹೋದವರಿಗೆ ಇದನ್ನು ಹೇಳು. ನಿನ್ನ ಮಗಳಿಗೆ ಮೊದಲು ಹೇಳು.

— ಹೇಳುತ್ತೇನೆ. ಆದರೆ ಅಲ್ಲಿನ ಮೂಲ ಜನರಿಗೆ ಆ ವಾಕ್ಯ ಸಿಕ್ಕಿತಾ?

— ಸಿಗಲಿಲ್ಲ. ತಮ್ಮ ಬುಡಕಟ್ಟಿಗೆ ಸೇರಿ ಹುಟ್ಟಿದವನು ಈ ವಾಕ್ಯದೊಳಗೆ ಬರುವುದಿಲ್ಲ ಅಂತ 1884ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಎಲ್ಲರಿಗೂ ಪೌರತ್ವ ಬಂದದ್ದು 1924ರಲ್ಲಿ.

— ನೀವು ಎಳೆ ಬಿಡಬೇಡ ಅಂದಿದ್ದಿರಿ. ಚೆರೊಕೀಗಳ ಜೊತೆ ನಡೆದ ಗುಲಾಮರು.

— ಚೆರೊಕೀ ರಾಷ್ಟ್ರ ಯುದ್ಧದಲ್ಲಿ ಎರಡಾಗಿ ಒಡೆದು, ಒಂದು ಭಾಗ ದಕ್ಷಿಣದ ಪರ ಕಾದಿತ್ತು. 1866ರ ಒಪ್ಪಂದದಲ್ಲಿ, ಬಿಡುಗಡೆಯಾದ ಕರಿಯರಿಗೂ ಅವರ ಸಂತತಿಗೂ ಚೆರೊಕೀಗಳ ಎಲ್ಲ ಹಕ್ಕೂ ಇರಬೇಕು ಅಂತ ಬರೆಯಿತು ಅಮೆರಿಕ ಸರ್ಕಾರ. ಒಂದು ಶತಮಾನ ಕಳೆದ ಮೇಲೆ ಜಗಳ ಮತ್ತೆ ಎದ್ದಿತು. 2007ರಲ್ಲಿ ಚೆರೊಕೀ ಮತದಾರರು ರಕ್ತಸಂಬಂಧ ಇಲ್ಲದವರು ನಮ್ಮವರಲ್ಲ ಅಂತ ಅವರನ್ನು ಹೊರಗಿಟ್ಟರು.

— ತಾವೂ ನೆಲ ಕಳೆದುಕೊಂಡವರು. ತಮ್ಮ ರಾಷ್ಟ್ರದಲ್ಲಿ ಯಾರಿರಬೇಕು ಅಂತ ತೀರ್ಮಾನಿಸುವ ಹಕ್ಕು ಅವರಿಗೆ ಬೇಡವೇ?

— ಬೇಕು. ಆ ದಾರಿಯಲ್ಲಿ ಅವರ ಜೊತೆ ನಡೆದು, ಅವರ ಹೊಲದಲ್ಲಿ ಕೂಲಿಯಿಲ್ಲದೆ ದುಡಿದವರ ಮೊಮ್ಮಕ್ಕಳಿಗೂ ಅಲ್ಲಿ ಜಾಗ ಬೇಕು. ಎರಡೂ ನ್ಯಾಯವೇ ಅಂತ ನಾನು ಹೇಳುತ್ತೇನೆ, ಆದರೆ ಎರಡನೆಯದರ ಕಡೆಗೆ ನಿಲ್ಲುತ್ತೇನೆ. 2017ರಲ್ಲಿ ಫೆಡರಲ್ ಕೋರ್ಟು 1866ರ ಒಪ್ಪಂದ ಈಗಲೂ ಜೀವಂತ ಅಂದಿತು. 2021ರಲ್ಲಿ ಚೆರೊಕೀ ರಾಷ್ಟ್ರದ ಸ್ವಂತ ಸುಪ್ರೀಂ ಕೋರ್ಟೇ, ಪೌರತ್ವಕ್ಕೆ ರಕ್ತವನ್ನು ಆಧಾರ ಮಾಡಿದ್ದ ಮಾತುಗಳನ್ನು ತಮ್ಮ ಸಂವಿಧಾನದಿಂದ ತೆಗೆದುಹಾಕಿತು. ಈಗ ಆ ಗುಲಾಮರ ಸಂತತಿಯವರು ಚೆರೊಕೀ ಚುನಾವಣೆಗಳಿಗೂ ನಿಲ್ಲಬಹುದು.